ಬಟ್ಟಲು ತೊಳೆದ ನೀರು

ನನಗೆ ಹೇಸಿಗೆ ಜಾಸ್ತಿ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ನನ್ನದು ಲಾಂಡ್ರಿ ಅಂಗಡಿ. ಬೀದಿಯ ಅಷ್ಟೂ ಮನೆಗಳ ಕೊಳೆ ಗಂಟು ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಕೂರುತ್ತದೆ. ಯಾರ ಕಾಲರಿನಲ್ಲಿ ಎಷ್ಟು ಜಿಡ್ಡು, ಯಾರು ತೋಳಿಗೆ ಮೂಗು ಒರೆಸಿಕೊಳ್ಳುತ್ತಾರೆ, ಯಾವ ದೊಡ್ಡ ಮನುಷ್ಯ ದಿಂಬಿನ ಮೇಲೆ ಜೊಲ್ಲು ಸುರಿಸುತ್ತಾನೆ, ಎಲ್ಲ ನನಗೆ ಗೊತ್ತು. ಅವರೇ ಮಾರನೆಯ ದಿನ ಗರಿಗರಿ ಅಂಗಿ ಹಾಕಿಕೊಂಡು ಎದುರಿಗೆ ಸಿಕ್ಕಿ ಕೈ ಕುಲುಕಲು ಬರುತ್ತಾರೆ. ನಾನು ಎರಡೂ ಕೈಯಲ್ಲಿ ಏನಾದರೂ ಹಿಡಿದುಕೊಂಡಿರುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹೊರಗೆ ಹೋದರೆ ನನ್ನ ಲೋಟ ನನ್ನ ಚೀಲದಲ್ಲೇ ಇರುತ್ತದೆ.

ಅಕ್ಕನ ಮಗಳು ಗುಬ್ಬಿಗೆ ಬಂದ ಎರಡು ಸಂಬಂಧಗಳು ನನ್ನ ಮುಖದಿಂದ ತಪ್ಪಿಹೋದವು ಎಂದು ಅಕ್ಕನ ದೂರು. ಮೊದಲನೆಯವನು ಬೆರಳಿಗೆ ಉಗುಳು ಹಚ್ಚಿಕೊಂಡು ನಮ್ಮ ಫೋಟೋ ಆಲ್ಬಮ್ಮಿನ ಪುಟ ತಿರುವಿದ. ಎರಡನೆಯವನು ಬೈಕಿನ ಕೀಲಿಯಿಂದ ಕಿವಿ ಕೆರೆದುಕೊಂಡು, ಅದೇ ಕೀಲಿಯನ್ನು ಬಿಸ್ಕತ್ತಿನ ತಟ್ಟೆಯಲ್ಲಿಟ್ಟ. ನಾನು ತುಟಿ ಬಿಚ್ಚಲಿಲ್ಲ. ಆದರೆ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಅವರು ಅದನ್ನು ನೋಡಿದರು, ಎದ್ದು ಹೋದರು. ಭಾವ ತೀರಿಕೊಂಡಾಗ ಗುಬ್ಬಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಂದಿನಿಂದ ಆ ಮನೆಯಲ್ಲಿ ಹಿರಿಯನ ಕುರ್ಚಿ ನನ್ನದು, ಹಾಗಾಗಿ ಬಂದವರೆಲ್ಲ ಮೊದಲು ನೋಡುವುದು ನನ್ನ ಮುಖವನ್ನೇ.

ಗುಬ್ಬಿಯೋ ನನಗೆ ತದ್ವಿರುದ್ಧ. ಅವಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ದಿನವಿಡೀ ಯಾರದೋ ರಕ್ತ, ಮೂತ್ರ, ಕಫವನ್ನು ಗಾಜಿನ ಮೇಲೆ ಹಚ್ಚಿ ನೋಡಿ, ಕೈ ತೊಳೆದು, ಮನೆಗೆ ಬಂದು ಗಡದ್ದಾಗಿ ಊಟ ಮಾಡುತ್ತಾಳೆ. ನಾನು ಲೋಟವನ್ನು ಮೂರನೆಯ ಸಲ ತೊಳೆಯುವಾಗ ಪಕ್ಕದಲ್ಲಿ ನಿಂತು, ಮಾಮ, ನಿನ್ನ ಬಾಯೊಳಗೇ ಎಷ್ಟು ಕ್ರಿಮಿ ಇವೆ ಹೇಳಲಾ ಎಂದು ಕಾಡುತ್ತಾಳೆ. ಅವಳಿಗೆ ಮೂವತ್ತು ದಾಟಿತ್ತು. ಅಕ್ಕ ನನ್ನ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ದಿನಕ್ಕೊಂದು ಸಲವಾದರೂ ಅದನ್ನು ನೆನಪಿಸುತ್ತಿದ್ದಳು.

ಈ ಹುಡುಗ ಸಿಕ್ಕಿದ್ದೂ ಲ್ಯಾಬಿನಲ್ಲೇ. ವಿಮೆ ಕಂಪನಿಯ ಆಫೀಸಿನಲ್ಲಿ ಕೆಲಸ. ತಪಾಸಣೆಗೆಂದು ರಕ್ತ ಕೊಡಲು ಬಂದವನು ಸೂಜಿ ನೋಡಿ ಕುರ್ಚಿಯಿಂದ ಜಾರಿದನಂತೆ. ಗುಬ್ಬಿ ಅವನನ್ನು ಮಲಗಿಸಿ, ಸಕ್ಕರೆ ನೀರು ಕುಡಿಸಿ, ಎಚ್ಚರ ಬರುವವರೆಗೆ ಗಾಳಿ ಹಾಕಿದಳಂತೆ. ಆಮೇಲೆ ಅವನು ಆರೋಗ್ಯವಾಗಿದ್ದಾಗಲೂ ಆಸ್ಪತ್ರೆಗೆ ಬರತೊಡಗಿದ. ಇವನು ಪರವಾಗಿಲ್ಲ ಮಾಮ ಎಂದಳು ಗುಬ್ಬಿ ಒಂದು ಸಂಜೆ, ನನ್ನ ಕಡೆ ನೋಡದೆ. ಅವಳ ಬಾಯಿಂದ ಅಷ್ಟು ಬರುವುದೇ ದೊಡ್ಡದು. ಅಕ್ಕ ಮಿಷನ್ ನಿಲ್ಲಿಸಿ ಕಣ್ಣೊರೆಸಿಕೊಂಡಳು.

ಎರಡೂ ಮನೆಯವರು ಒಮ್ಮೆ ಕೂತು ಮಾತಾಡುವುದು ಬಾಕಿ ಇತ್ತು. ಹುಡುಗನಿಗೆ ತಂದೆ ಇಲ್ಲ, ತಾಯಿಯದೇ ಯಜಮಾನಿಕೆ. ಆಕೆ ಬೆಟ್ಟದ ಮೇಲಿನ ಹಳೆಯ ಬೌದ್ಧ ವಿಹಾರಕ್ಕೆ ನಡೆದುಕೊಳ್ಳುವವರು. ನಮ್ಮ ಮನೆಯಲ್ಲಿ ಏನು ಶುಭವಾದರೂ ಅಲ್ಲಿನ ಪಂಕ್ತಿಯಲ್ಲಿ ಕೂತು ಉಂಡ ಮೇಲೇ, ಹುಡುಗಿಯೂ ನಮ್ಮ ಜೊತೆ ಒಂದು ಸಲ ಅಲ್ಲಿ ಕೂರಲಿ, ಅಲ್ಲೇ ಮಾತು ಮುಗಿಸೋಣ ಎಂದು ಹೇಳಿಕಳಿಸಿದರು. ಪಂಕ್ತಿ ಊಟ ಎಂದ ಕೂಡಲೇ ನನ್ನ ಕಣ್ಣು ನನ್ನ ಲೋಟದ ಕಡೆ ಹೋಯಿತು. ಅಕ್ಕ ಅದನ್ನು ನೋಡಿಬಿಟ್ಟಳು.

ಹೊರಡುವ ದಿನ ಬೆಳಿಗ್ಗೆ ನನ್ನ ಚೀಲದಿಂದ ಲೋಟ ತೆಗೆದು ಅಲಮಾರಿನಲ್ಲಿಟ್ಟು ಬೀಗ ಹಾಕಿದಳು. ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅಲ್ಲಿ ಏನೇ ಆಗ್ಲಿ, ನಿನ್ನ ಮುಖ ಇಸ್ತ್ರಿ ಮಾಡಿದ ಹಾಗಿರ್ಬೇಕು. ಒಂದು ಸುಕ್ಕು ಕಂಡ್ರೂ ನಾನು ನಿನ್ನ ಅಕ್ಕ ಅಲ್ಲ, ನೀನು ನನ್ನ ತಮ್ಮ ಅಲ್ಲ."

ಆಯ್ತು ಎಂದೆ. ಇನ್ನೇನು ಹೇಳಲಿ?

ವಿಹಾರ ಬಹಳ ಹಳೆಯದು. ಎಷ್ಟು ನೂರು ವರ್ಷ ಎಂಬುದರ ಬಗ್ಗೆ ಬಾಗಿಲಲ್ಲೇ ಒಂದು ಫಲಕವಿತ್ತು. ಅದರ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮನ್ನು ಹುಡುಗನ ತಾಯಿ ಅಲ್ಲೇ ಎದುರುಗೊಂಡರು. ತೆಳ್ಳಗಿನ, ಚುರುಕಾದ ಹೆಂಗಸು. ಸಿಕ್ಕಿದ ಭಿಕ್ಷುಗಳಿಗೆಲ್ಲ ಕೈಮುಗಿಯುತ್ತಾ, ನಮ್ಮ ಚೀಲ ತಾವೇ ಹಿಡಿಯಲು ಬರುತ್ತಾ, ಒಂದು ಗಳಿಗೆ ಸುಮ್ಮನೆ ನಿಲ್ಲಲಿಲ್ಲ. ಹಿಂದೆ ಹುಡುಗ ನಿಂತಿದ್ದ. ನಾನು ನನ್ನ ಕಸುಬಿನ ಕಣ್ಣಿನಿಂದ ಅವನನ್ನು ಮೇಲಿಂದ ಕೆಳಕ್ಕೆ ನೋಡಿದೆ. ಹಾಲು ಬಿಳುಪಿನ ಅಂಗಿ. ಕಾಲರಿನ ಒಳಮಡಿಕೆಯಲ್ಲೂ ಗೆರೆ ಇಲ್ಲ. ಉಗುರು ಕತ್ತರಿಸಿ ಉಜ್ಜಿದ್ದು. ಕಿವಿಯ ಹಿಂದೆ ಕೂಡ ಚೊಕ್ಕಟ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಈ ಇಸ್ತ್ರಿ ಯಾವ ಅಂಗಡಿಯದು ಎಂದು ಕೇಳಿಯೇಬಿಟ್ಟೆ. ಅಮ್ಮ ಮಾಡೋದು ಎಂದು ನಕ್ಕ. ಹಲ್ಲೂ ಸ್ವಚ್ಛ. ಅಕ್ಕ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿ, ನೋಡಿದ್ಯಾ ಎನ್ನುವಂತೆ ಹುಬ್ಬು ಹಾರಿಸಿದಳು.

ಆ ಖುಷಿ ಊಟದ ಹಜಾರದ ಹೊಸ್ತಿಲವರೆಗೆ ಮಾತ್ರ ಇತ್ತು.

ಉದ್ದನೆಯ, ಕತ್ತಲೆ ತುಂಬಿದ ಹಜಾರ. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಂದದ್ದು ಬೆಂದ ಅನ್ನದ ಹಬೆ, ಅದರ ಹಿಂದೆ ಹಳೆಯ ಮಸಿ, ಅದರ ಹಿಂದೆ ಎಷ್ಟೋ ತಲೆಮಾರಿನ ಪಾದಗಳ ಕಮಟು. ಮರದ ಕಂಬಗಳು ಆಳೆತ್ತರದವರೆಗೆ ಕರ್ರಗೆ ಮಿರಮಿರ ಮಿಂಚುತ್ತಿದ್ದವು, ಅದರ ಮೇಲೆ ಮಾಸಲು. ಹುಡುಗನ ತಾಯಿ ಅದನ್ನು ತೋರಿಸಿ, ಅಷ್ಟು ಕೈಗಳು ಮುಟ್ಟಿದ ಹೊಳಪು ನೋಡಿ ಎಂದು ಭಕ್ತಿಯಿಂದ ಹೇಳಿದರು. ನನಗೆ ಹೊಳಪು ಕಾಣಲಿಲ್ಲ, ಕೈಜಿಡ್ಡು ಕಂಡಿತು. ಮುನ್ನೂರು ವರ್ಷದ ಕೈಜಿಡ್ಡು. ನಾನು ಕಾಲರಿಗೆ ಹಾಕುವ ಸೋಪು ಡಬ್ಬಗಟ್ಟಲೆ ಸುರಿದರೂ ಬಿಡದಂಥದ್ದು. ಅಕ್ಕ ನನ್ನ ಮುಖವನ್ನು ನೋಡಿದಳು. ನಾನು ಅದನ್ನು ಚಪ್ಪಟೆ ಮಾಡಿಕೊಂಡೆ.

ಅತಿಥಿಗಳಿಗೆ ಹಜಾರದ ಒಂದು ತುದಿಯಲ್ಲಿ ಚಾಪೆ ಹಾಸಿದ್ದರು. ಆ ದಿನ ನಾವು ಐದೇ ಜನ. ಒಂದು ಕಡೆ ನಾನು ಮತ್ತು ಅಕ್ಕ. ಎದುರು ಕಡೆ ನಡುವೆ ಹುಡುಗ, ಅವನ ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ಗುಬ್ಬಿ. ಒಬ್ಬೊಬ್ಬರ ಮುಂದೆಯೂ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು: ಒಂದರೊಳಗೊಂದು ಕೂರುವ ನಾಲ್ಕು ಮರದ ಬಟ್ಟಲು, ಒಂದು ಮರದ ಚಮಚ. ಭಿಕ್ಷುಗಳಿಗೆ ಅವರವರದೇ ಬಟ್ಟಲು ಇರುತ್ತವೆ. ಅತಿಥಿಗಳ ಬಟ್ಟಲು ಎಲ್ಲರದ್ದು. ನನ್ನ ಬಟ್ಟಲಿನ ಅಂಚಿನಲ್ಲಿ ಬಣ್ಣ ಸವೆದು ಒಂದು ಜಾಗ ಬೆಳ್ಳಗಾಗಿತ್ತು. ಅಲ್ಲಿಗೇ ಎಲ್ಲರ ಬಾಯಿ ಬಂದು ಹತ್ತಿರುತ್ತದೆ. ನಾನು ಬಟ್ಟಲನ್ನು ತಿರುಗಿಸಿಟ್ಟುಕೊಂಡೆ. ಆ ಕಡೆಯೂ ಬೆಳ್ಳಗಿತ್ತು.

ಹಜಾರದ ಹೊಣೆ ಹೊತ್ತ ವಯಸ್ಸಾದ ಭಿಕ್ಷು ಬಂದು ನಿಯಮ ಹೇಳಿದರು. ಮಾತಾಡಬಾರದು. ಬಡಿಸುವಾಗ ಸಾಕೆನಿಸಿದರೆ ಕೈ ಎತ್ತಬೇಕು. ಹಾಕಿಸಿಕೊಂಡದ್ದನ್ನು ಒಂದು ಅಗುಳೂ ಬಿಡಬಾರದು. ಒಂದು ಹೋಳು ಉಪ್ಪು ಮೂಲಂಗಿಯನ್ನು ಕೊನೆಯವರೆಗೆ ಉಳಿಸಿಕೊಂಡು, ಬಿಸಿನೀರು ಹಾಕಿದಾಗ ಅದರಿಂದಲೇ ಬಟ್ಟಲುಗಳನ್ನು ಉಜ್ಜಿ, ಹೋಳನ್ನು ತಿಂದು, ಆ ನೀರನ್ನು ಕುಡಿಯಬೇಕು.

ಮುಸುರೆ ನೀರು. ನಮ್ಮ ಅಜ್ಜಿ ಅದನ್ನು ಬಾನಿಗೆ ಸುರಿದು ದನಕ್ಕೆ ಇಡುತ್ತಿದ್ದಳು, ದನ ಕೂಡ ಒಮ್ಮೆ ಮೂಸಿ ನೋಡಿ ಆಮೇಲೆ ಬಾಯಿ ಹಾಕುತ್ತಿತ್ತು.

ಅಷ್ಟಕ್ಕೆ ಮುಗಿಯಲಿಲ್ಲ. ನಾಲ್ಕನೆಯ ಬಟ್ಟಲಿಗೆ ಮೊದಲೇ ತಣ್ಣೀರು ಹಾಕಿರುತ್ತಾರೆ. ಎಲ್ಲ ಕುಡಿದಾದ ಮೇಲೆ ಆ ನೀರಿನಲ್ಲಿ ಬಟ್ಟಲುಗಳನ್ನು ಕೊನೆಯದಾಗಿ ಅಲುಬಿ, ಪಂಕ್ತಿಯಲ್ಲಿ ಬರುವ ಬಕೆಟ್ಟಿಗೆ ಸುರಿಯಬೇಕು. ಅದನ್ನು ಹೊರಗೆ ಹಸಿದ ಪ್ರೇತಗಳಿಗೆ ಇಡುತ್ತಾರಂತೆ. ಅವುಗಳ ಗಂಟಲು ಸೂಜಿಯಷ್ಟು ಸಣ್ಣ. ನೀರಿನಲ್ಲಿ ಒಂದು ಅಗುಳಿದ್ದರೂ ಸಿಕ್ಕಿಕೊಂಡು ಒದ್ದಾಡುತ್ತವೆ. ಆದ್ದರಿಂದ ಬಕೆಟ್ಟಿನ ನೀರು ಹಾಕಿದಾಗ ಎಷ್ಟು ತಿಳಿಯಾಗಿತ್ತೋ ಅಷ್ಟೇ ತಿಳಿಯಾಗಿರಬೇಕು. ಏನಾದರೂ ಕಂಡರೆ ಬಕೆಟ್ಟು ಅದೇ ಪಂಕ್ತಿಗೆ ವಾಪಸ್ಸು ಬರುತ್ತದೆ, ಕೂತವರೆಲ್ಲ ಅದನ್ನು ಹಂಚಿಕೊಂಡು ಕುಡಿಯಬೇಕು. ಯಾರದ್ದು ಎಂದು ಕೇಳುವ ಪದ್ಧತಿ ಇಲ್ಲ ಎಂದರು ಭಿಕ್ಷು. ನಾನು ಗುಬ್ಬಿಯ ಕಡೆ ನೋಡಿದೆ. ಅವಳು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು. ಮಾಮನ ಕಥೆ ಇವತ್ತು ಮುಗಿಯಿತು ಎನ್ನುವ ನಗು.

ಬಡಿಸಲು ಬಂದ ಭಿಕ್ಷುಗಳು ಅನ್ನ ಹಾಕಿದರು, ಸಾರು ಹಾಕಿದರು, ಬೇಯಿಸಿದ ಸೊಪ್ಪು ಹಾಕಿದರು, ಉಪ್ಪು ಮೂಲಂಗಿಯ ಹೋಳು ಇಟ್ಟರು. ಸಾರು ಬಡಿಸಿದವರ ಹೆಬ್ಬೆರಳು ಬಟ್ಟಲಿನೊಳಗೆ ಅರ್ಧ ಮುಳುಗಿತ್ತು. ನಾನು ಎಲ್ಲದಕ್ಕೂ ಬೇಗ ಬೇಗ ಕೈ ಎತ್ತಿದೆ. ಹುಡುಗ ಕೈ ಎತ್ತಲಿಲ್ಲ. ಅವನು ಗುಬ್ಬಿಯನ್ನು ನೋಡಿ ನಗುತ್ತಾ ಕೂತಿದ್ದ, ಅವನ ಬಟ್ಟಲಿನಲ್ಲಿ ಸೊಪ್ಪು ಗುಡ್ಡೆಯಾಯಿತು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಇವನಿಗೆ ಇವಳು ಬೇಕು ಎಂದು ಯಾರಿಗಾದರೂ ತಿಳಿಯುವಂತಿತ್ತು.

ಊಟ ಶುರುವಾಯಿತು. ಮಾತಿಲ್ಲದ ಕಡೆ ಊಟದ ಸದ್ದು ಎಷ್ಟು ಹೊಲಸು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಗಿಯುವುದು, ಹೀರುವುದು, ನುಂಗುವುದು, ನಾಲಿಗೆ ಅಂಗುಳಕ್ಕೆ ತಾಗುವುದು, ಎಲ್ಲ ಕಿವಿಯ ಪಕ್ಕದಲ್ಲೇ. ಸೊಪ್ಪು ಕಹಿ. ನಾನು ಉಸಿರು ಬಿಗಿಹಿಡಿದು ಮಾತ್ರೆ ನುಂಗುವ ಹಾಗೆ ಒಂದೊಂದೇ ತುತ್ತು ಒಳಗೆ ಕಳಿಸಿದೆ. ಅಕ್ಕ ಶ್ರದ್ಧೆಯಿಂದ ತಿನ್ನುತ್ತಿದ್ದಳು. ಗುಬ್ಬಿ ಲ್ಯಾಬಿನಿಂದ ಬಂದವಳಂತೆ ಹಸಿದು ತಿನ್ನುತ್ತಿದ್ದಳು.

ಹುಡುಗ ಸೊಪ್ಪನ್ನು ಒಂದು ಸಲ ಬಾಯಿಗಿಟ್ಟ. ಅಗಿಯುವುದು ನಿಂತಿತು. ಬಾಯಲ್ಲಿದ್ದುದನ್ನು ಚಮಚಕ್ಕೇ ವಾಪಸ್ಸು ಬಿಟ್ಟು, ಭಿಕ್ಷು ಎಲ್ಲಿದ್ದಾರೆ ಎಂದು ಕಣ್ಣಲ್ಲೇ ನೋಡಿದ. ಅವರು ಆ ತುದಿಯಲ್ಲಿದ್ದರು. ಆ ಚಮಚವನ್ನೂ, ಬಟ್ಟಲಿನಲ್ಲಿದ್ದ ಗುಡ್ಡೆಯಲ್ಲಿ ಮುಕ್ಕಾಲನ್ನೂ ಗುಬ್ಬಿಯ ಬಟ್ಟಲಿಗೆ ಹಾಕಿದ.

ಅಗಿದ ಸೊಪ್ಪು. ನಾನು ಕಣ್ಣಾರೆ ನೋಡಿದೆ. ಜೊಲ್ಲಿನ ಎಳೆ ಚಮಚದಿಂದ ಬಟ್ಟಲಿನವರೆಗೆ ಎಳೆದುಕೊಂಡು ಬಂದು ತುಂಡಾಯಿತು.

ಗುಬ್ಬಿ ಬಟ್ಟಲು ನೋಡಿದಳು, ಅವನನ್ನು ನೋಡಿದಳು. ಅವನಾಗಲೇ ಅನ್ನಕ್ಕೆ ಕೈ ಹಾಕಿದ್ದ. ಅವಳು ಮೇಲಿದ್ದ ಅಗಿದ ತುತ್ತನ್ನು ಬಟ್ಟಲಿನ ಒಂದು ಮಗ್ಗುಲಿಗೆ ಸರಿಸಿ ಉಳಿದದ್ದನ್ನು ತಿಂದಳು. ಕೊನೆಗೆ ಅದೊಂದೇ ಉಳಿಯಿತು. ಒಂದು ಅಗುಳೂ ಬಿಡಬಾರದಲ್ಲ. ಕಣ್ಣು ಮುಚ್ಚದೆ ಅದನ್ನೂ ನುಂಗಿದಳು.

ನಾನು ನ್ಯಾಯವಾಗಿ ಯೋಚಿಸಲು ಪ್ರಯತ್ನಪಟ್ಟೆ. ಒಲಿದವರು ಒಂದೇ ಲೋಟದಲ್ಲಿ ಕುಡಿಯುತ್ತಾರೆ, ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ತಿನ್ನುತ್ತಾರೆ, ಅದೆಲ್ಲ ನನ್ನಂಥ ಒಂಟಿ ಗಂಡಸಿಗೆ ತಿಳಿಯುವ ವಿಷಯವಲ್ಲ. ಆದರೆ ಕೊಟ್ಟವನು ಒಂದು ಸಲವಾದರೂ ಅವಳ ಮುಖ ನೋಡಬೇಕಿತ್ತು. ಬೇಡದ್ದನ್ನು ಕೈಗೆ ಹತ್ತಿರವಿದ್ದ ಕಡೆ ಹಾಕಿ ಅವನು ಹಗುರಾಗಿದ್ದ, ಅಷ್ಟೇ. ನಾನು ಮುಖವನ್ನು ಇಸ್ತ್ರಿಯಲ್ಲೇ ಇಟ್ಟುಕೊಂಡೆ.

ಬಿಸಿನೀರು ಬಂತು. ಎಲ್ಲರೂ ಮೂಲಂಗಿಯಿಂದ ಉಜ್ಜಿದರು. ನಾನೂ ಉಜ್ಜಿದೆ. ನೀರಿನ ಮೇಲೆ ಸಾರಿನ ಎಣ್ಣೆಯ ಕಣ್ಣುಗಳು ತೇಲಿದವು. ಅಕ್ಕನ ತಲೆಯ ಮೇಲೆ ಕೈಯಿಟ್ಟದ್ದನ್ನು ನೆನೆದು ಗಟಗಟ ಕುಡಿದೆ. ಅದು ನನ್ನದೇ ಎಂಜಲು ಎಂದು ಸಮಾಧಾನ ಹೇಳಿಕೊಂಡೆ. ಬಟ್ಟಲು ಇಳಿಸುವಾಗ ಎದುರಿಗೆ ಹುಡುಗನೂ ಬಟ್ಟಲನ್ನು ತುಟಿಗೆ ಹಿಡಿದಿದ್ದ. ತಲೆ ಹಿಂದಕ್ಕೆ ಬಾಗಿತ್ತು, ಕಣ್ಣು ಭಕ್ತಿಯಿಂದ ಮುಚ್ಚಿತ್ತು. ಗಂಟಲು ಮಾತ್ರ ಅಲುಗಲಿಲ್ಲ. ಬಟ್ಟಲು ಕೆಳಗೆ ಬಂತು, ನೀರು ಇದ್ದಷ್ಟೇ ಇತ್ತು. ಅದನ್ನು ಸದ್ದಿಲ್ಲದೆ ತಣ್ಣೀರಿನ ಬಟ್ಟಲಿಗೆ ಬಗ್ಗಿಸಿದ. ಬಕೆಟ್ಟು ಬಂದಾಗ ಎಲ್ಲವನ್ನೂ ಒಟ್ಟಿಗೆ ಸುರಿದ. ಅವನ ಹಿಂದೆಯೇ ಗುಬ್ಬಿಯೂ ತನ್ನ ನೀರು ಸುರಿದಳು. ಬಕೆಟ್ಟು ಹೊತ್ತ ಭಿಕ್ಷು ಮೇಲೆ ನೋಡುತ್ತಿದ್ದರು, ಒಳಗಲ್ಲ.

ಹಿರಿಯ ಭಿಕ್ಷು ಬಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ನಡೆದು ಬಂದು ನಮ್ಮ ನಡುವೆ ಇಟ್ಟರು.

ಅದರಲ್ಲಿ ಏನಿತ್ತು ಎಂದು ಹೇಳಲೇಬೇಕು. ಊದಿಕೊಂಡ ಅಗುಳುಗಳು. ಸೊಪ್ಪಿನ ನಾರು. ಬೂದುಬಣ್ಣದ ನೀರು, ಅದರ ಮೇಲೆ ಜಿಡ್ಡಿನ ತೆರೆ. ಐದು ಜನರ ಬಟ್ಟಲು, ಐದು ಜನರ ಬಾಯಿ. ನನ್ನ ಅಂಗಡಿಯ ಮೊದಲ ತೊಟ್ಟಿಯ ನೀರು ಅದಕ್ಕಿಂತ ನೋಡುವ ಹಾಗಿರುತ್ತದೆ.

ಎಲ್ಲರೂ ಬಕೆಟ್ಟನ್ನೇ ನೋಡಿದರು. ಆಗ ಹುಡುಗನ ತಾಯಿ, ಮಾತಾಡಬಾರದೆಂಬ ನಿಯಮವನ್ನು ಯಾರಿಗಿಂತ ಚೆನ್ನಾಗಿ ಬಲ್ಲವರು, ತಗ್ಗಿದ ದನಿಯಲ್ಲಿ ಮಾತಾಡಿದರು.

"ಹುಡುಗಿ ಹೊಸಬಳು ಭಂತೇ. ಗೊತ್ತಾಗ್ಲಿಲ್ಲ ಪಾಪ."

ಭಿಕ್ಷು ಸೌಟು ತರಿಸಿದರು. ಗುಬ್ಬಿ ತಿರುಗಿ ಹುಡುಗನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಸೂಜಿ ಚುಚ್ಚಿದ ಮೇಲೆ ಟ್ಯೂಬಿನಲ್ಲಿ ರಕ್ತ ಏರುವುದನ್ನು ಕಾಯುವ ನೋಟ ಅದು. ಅವನು ತನ್ನ ಬಟ್ಟಲಿನ ಬಟ್ಟೆಯ ತುದಿಗಳನ್ನು ಸಮನಾಗಿ ಮಡಿಸುತ್ತಿದ್ದ. ಕಿವಿ ಕೂಡ ಕೆಂಪಾಗಲಿಲ್ಲ.

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಬಿಟ್ಟರೆ ಇದು ಮೂರನೆಯ ಸಂಬಂಧ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದಳು. ನಾನು ಬಾಯಿ ಮುಚ್ಚಿಕೊಂಡೆ.

ಭಿಕ್ಷು ಸೌಟಿನಿಂದ ಎಲ್ಲರ ಬಟ್ಟಲಿಗೂ ಹಂಚಿದರು. ತಮ್ಮದೊಂದು ಬಟ್ಟಲು ತರಿಸಿ ತಾವೂ ಹಾಕಿಕೊಂಡು ಮೊದಲು ತಾವೇ ಕುಡಿದರು. ಗುಬ್ಬಿ ಕುಡಿದಳು. ಅಕ್ಕ ಕುಡಿದಳು. ನಾನು ಬಟ್ಟಲು ಎತ್ತಿದೆ. ಉಗುರುಬೆಚ್ಚಗಿತ್ತು. ಅದೇ ಎಲ್ಲಕ್ಕಿಂತ ಅಸಹ್ಯ; ತಣ್ಣಗಿದ್ದರೂ ಬಿಸಿಯಾಗಿದ್ದರೂ ನೀರೆಂದು ನಂಬಬಹುದು, ಬೆಚ್ಚಗಿದ್ದರೆ ಅದು ಯಾರದೋ ಬಾಯಿಂದ ಈಗಷ್ಟೇ ಹೊರಬಂದ ಹಾಗೆ. ಒಂದು ನಾರು ನಾಲಿಗೆಗೆ ಅಂಟಿತು. ವಾಕರಿಕೆ ಗಂಟಲವರೆಗೆ ಬಂತು, ನುಂಗಿದೆ, ಮತ್ತೆ ಬಂತು, ಮತ್ತೆ ನುಂಗಿದೆ. ಕಣ್ಣಲ್ಲಿ ನೀರು ಬಂದರೂ ಮುಖದಲ್ಲಿ ಸುಕ್ಕು ಬರಲು ಬಿಡಲಿಲ್ಲ.

ಹುಡುಗನ ಪಾಲು ಅವನ ಮುಂದೆ ಹಾಗೇ ಇತ್ತು. ಭಿಕ್ಷು ಬಕೆಟ್ಟನ್ನು ಎತ್ತಿಕೊಳ್ಳಲು ಬಾಗಿದರು. ಅಷ್ಟರಲ್ಲಿ ಹುಡುಗನ ತಾಯಿಯ ಕೈ ಪಕ್ಕಕ್ಕೆ ಚಾಚಿತು. ಆಕೆ ಅವನ ಕಡೆ ನೋಡಿರಲಿಲ್ಲ. ಅವನೂ ಆಕೆಯ ಕಡೆ ನೋಡಲಿಲ್ಲ. ಅವನು ಬಟ್ಟಲು ಎತ್ತುವ ಮೊದಲೇ ಕೈ ಅಲ್ಲಿತ್ತು, ಅವನು ಅದರೊಳಗೆ ಬಟ್ಟಲು ಇಟ್ಟ, ಆಕೆ ಕುಡಿದು ಖಾಲಿ ಬಟ್ಟಲನ್ನು ಅವನ ಮುಂದಿಟ್ಟರು. ಭಿಕ್ಷು ತಲೆಯೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಆಕೆ ತಮ್ಮ ಪಾಲನ್ನೂ ಕುಡಿದರು.

ನನ್ನ ಹೊಟ್ಟೆಯಲ್ಲಿದ್ದ ನೀರನ್ನು ಆ ಕ್ಷಣಕ್ಕೆ ಮರೆತೇಬಿಟ್ಟೆ. ಅದಕ್ಕಿಂತ ಹೇಸಿಗೆಯಾದದ್ದನ್ನು ನಾನು ನೋಡಿಬಿಟ್ಟಿದ್ದೆ.

ಹೊರಗೆ ಅಂಗಳಕ್ಕೆ ಬಂದಾಗ ಹುಡುಗನ ತಾಯಿಯ ಸಂತೋಷಕ್ಕೆ ಪಾರವಿರಲಿಲ್ಲ. ಗುಬ್ಬಿಯ ಗಲ್ಲ ಸವರಿದರು. ಅಕ್ಕನ ಎರಡೂ ಕೈ ಹಿಡಿದುಕೊಂಡರು. ಇಲ್ಲಿಗೆ ಈ ಮೊದಲೂ ಒಬ್ಬಳು ಹುಡುಗಿಯನ್ನು ಕರೆತಂದಿದ್ದರಂತೆ. ಅವಳು ಬಕೆಟ್ಟು ನೋಡಿದ ಕೂಡಲೇ ಎದ್ದು ಹೋದಳಂತೆ. ನಿಮ್ಮ ಮಗಳು ಮುಖ ಕೂಡ ಕಿವುಚಲಿಲ್ಲ ಎಂದರು. ಮುಂದಿನ ಮಾತನ್ನು ದೇವರೆದುರು ನಿಂತವರ ಹಾಗೆ ನೆಮ್ಮದಿಯಿಂದ ಹೇಳಿದರು.

"ಇಷ್ಟು ವರ್ಷ ನಾನಿದ್ದೆ. ಇನ್ನು ಇವಳು ನೋಡ್ಕೋತಾಳೆ."

ಅಕ್ಕನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಮುಖ ಅರಳಿತು. ನನ್ನನ್ನು ಬಾವಿಕಟ್ಟೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ನೀನು ಹಿರಿಯ, ನೀನು ಒಂದು ಮಾತು ಹೂಂ ಅಂದರೆ ಈಗಲೇ ಹೇಳಿಬಿಡೋಣ ಎಂದಳು. ಗುಬ್ಬಿ ನಮ್ಮ ಹಿಂದೆಯೇ ಬಂದು ನಿಂತಳು.

ನಾನು ಕಂಡದ್ದನ್ನೆಲ್ಲ ಹೇಳಿದೆ. ಅಗಿದ ಸೊಪ್ಪು, ಅಲುಗದ ಗಂಟಲು, ಬಕೆಟ್ಟಿಗೆ ಸುರಿದದ್ದು, ತಾಯಿಯ ಕೈ. ನಾನು ಹೇಳುತ್ತಾ ಹೋದಂತೆ ಅಕ್ಕನ ಮುಖ ಕಪ್ಪಿಟ್ಟಿತು. ನಂಬಿದ್ದರಿಂದಲ್ಲ.

"ಶುರು ಮಾಡ್ದೆ ನೋಡು. ಒಬ್ಬನ ಬೆರಳು, ಒಬ್ಬನ ಕೀಲಿ, ಇವನ ಗಂಟಲು. ನಿನ್ನ ಕಣ್ಣಿಗೆ ಕೊಳೆ ಇಲ್ಲದ ಮನುಷ್ಯ ಭೂಮಿ ಮೇಲೆ ಇದ್ದಾನೇನೋ?"

ಇವತ್ತಿಗೂ ಆ ಬೆರಳು ಹೊಲಸೇ, ಆ ಕೀಲಿ ಹೊಲಸೇ. ಆದರೆ ಅಕ್ಕನಿಗೆ ನನ್ನ ಹೇಸಿಗೆಯೆಲ್ಲ ಒಂದೇ ಬೆಲೆಯದ್ದಾಗಿಬಿಟ್ಟಿತ್ತು. ಈಗ ಪ್ರಾಣ ಹೋಗುವ ಹೇಸಿಗೆಯನ್ನು ಮುಂದಿಟ್ಟರೂ ಅವಳು ಅದೇ ಬುಟ್ಟಿಗೆ ಹಾಕಿದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಈ ಹುಡುಗಿಯನ್ನು ಅವನ ಪಕ್ಕ ಜೀವನವಿಡೀ ಕೂರಿಸುತ್ತಾರೆ, ನಾನು ನೋಡಿದ್ದನ್ನು ಯಾರೂ ನೋಡಿಲ್ಲ ಎನಿಸಿತು.

"ಮಾಮ ಹೇಳಿದ್ದು ನಿಜ ಅಮ್ಮ," ಎಂದಳು ಗುಬ್ಬಿ. "ನನ್ನ ಪಕ್ಕದಲ್ಲೇ ತಾನೇ ಕೂತಿದ್ದು."

ಅಕ್ಕ ಅವಳ ಕಡೆ ತಿರುಗಿದಳು. ಗೊತ್ತಿದ್ದೂ ಯಾಕೆ ಕುಡಿದೆ ಎಂದು ಕೇಳಿದಳು. ಪಂಕ್ತಿಯಲ್ಲಿ ಕೂತ ಮೇಲೆ ಪಂಕ್ತಿಯದ್ದು, ಕುಡಿದೆ, ಆ ಅಜ್ಜನೂ ಕುಡಿದರಲ್ಲ ಎಂದಳು ಗುಬ್ಬಿ. ಹಾಗಿದ್ದರೆ ಮುಗಿಯಿತಲ್ಲ, ಎರಡು ಎಳೆ ಸೊಪ್ಪಿಗೆ ಯಾರಾದರೂ ಸಂಬಂಧ ಬಿಡುತ್ತಾರೇನೇ ಎಂದು ಅಕ್ಕ ಬೇಡಿಕೊಳ್ಳುವ ಹಾಗೆ ಕೇಳಿದಳು.

"ಸೊಪ್ಪಿಗಲ್ಲಮ್ಮ. ನಂದು ಅಂತ ಒಂದು ಮಾತು ಹೇಳ್ತಾನೆ ಅಂತ ಕಾದೆ. ಅವನ ಅಮ್ಮ ನನ್ನ ಮೇಲೆ ತಪ್ಪು ಹೊರಿಸಿದ ಮೇಲೂ ಕಾದೆ."

ಅಕ್ಕ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಗುಬ್ಬಿ ಅಲ್ಲಿಂದ ನೇರವಾಗಿ ಹುಡುಗನ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಅವನು ನೆರಳಿನಲ್ಲಿ ನಿಂತು ಫೋನು ನೋಡುತ್ತಿದ್ದ. ಬಕೆಟ್ಟಿಗೆ ಹಾಕಿದ್ದು ನೀವಲ್ಲವೇ ಎಂದು ಅವಳು ಕೇಳಿದಳು. ಹೊಡೆದಾಟಕ್ಕೆ ಕೇಳಿದಂತಿರಲಿಲ್ಲ, ಅವನು ಹೌದು ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೇನೋ. ಅವನು ಆ ಸ್ವಚ್ಛ ಹಲ್ಲುಗಳನ್ನು ತೋರಿಸಿ ನಕ್ಕ.

"ಅಯ್ಯೋ, ಅದನ್ನ ಯಾರು ಕುಡೀತಾರೆ? ನಾನು ಚಿಕ್ಕೋನಿಂದ ಕುಡಿದೇ ಇಲ್ಲ. ಅಮ್ಮ ಕುಡೀತಾಳೆ."

ಅವನಿಗೆ ಬೇಜಾರೂ ಇಲ್ಲ, ನಾಚಿಕೆಯೂ ಇಲ್ಲ. ಗುಬ್ಬಿಗೆ ಅದು ಅರ್ಥವಾಗದೆ ಹೋದದ್ದೇ ಅವನಿಗೆ ತಮಾಷೆಯಾಗಿತ್ತು. ಆ ಬಿಳಿ ಅಂಗಿಯನ್ನು ನಾನು ಮತ್ತೊಮ್ಮೆ ನೋಡಿದೆ. ಅದರ ಮೇಲೆ ಕಲೆ ಇಲ್ಲದ್ದು ಯಾಕೆ ಎಂದು ಗೊತ್ತಾಯಿತು. ಅವನ ಕೊಳೆಯೆಲ್ಲ ಯಾವಾಗಲೂ ಇನ್ನೊಬ್ಬರ ಬಟ್ಟಲಿಗೆ ಹೋಗಿರುತ್ತದೆ. ಥೂ ಎಂದು ಉಗಿಯಬೇಕೆನಿಸಿತು. ಇಸ್ತ್ರಿ ಹೋಗಿ ನನ್ನ ಮುಖ ತನ್ನ ಪಾಡಿಗೆ ತಾನು ಸಿಂಡರಿಸಿಕೊಂಡಿತು. ನಾನು ತಡೆಯಲಿಲ್ಲ. ಅವನು ಅದನ್ನು ನೋಡಿ, ಊಟ ಸರಿಹೋಗಲಿಲ್ಲವಾ ಅಂಕಲ್ ಎಂದು ಕೇಳಿದ.

ಗುಬ್ಬಿ ಅವನನ್ನು ಬಿಟ್ಟು ತಿರುಗಿದಳು. ಅವನ ತಾಯಿ ಮೆಟ್ಟಿಲ ಹತ್ತಿರ ನಿಂತು, ಮುಂದಿನ ಮಾತಿಗಾಗಿ ನಮ್ಮನ್ನೇ ನೋಡುತ್ತಿದ್ದರು. ಅವಳು ಹೋಗಿ ಆಕೆಯ ಎದುರು ನಿಂತಳು. ಆಕೆ ಮತ್ತೆ ಗಲ್ಲ ಸವರಲು ಬಂದಾಗ ಆ ಕೈಯನ್ನು ಹಿಡಿದುಕೊಂಡಳು.

"ಕ್ಷಮಿಸಿ ಅಮ್ಮ. ಅವರು ಬಟ್ಟಲು ಎತ್ತೋ ಮೊದಲೇ ನಿಮ್ಮ ಕೈ ಬಂದಿತ್ತು. ನನ್ನ ಕೈ ಹಾಗೆ ಬರೋದಿಲ್ಲ."

ಆಕೆ ಕೂಗಾಡುತ್ತಾರೆ ಎಂದುಕೊಂಡೆ. ನಾಲ್ಕು ಜನರ ಎದುರು ಮರ್ಯಾದೆ ತೆಗೆದಿರಿ ಎನ್ನುತ್ತಾರೆ, ಅಕ್ಕನನ್ನು ಕರೆದು ಬೈಯುತ್ತಾರೆ ಎಂದುಕೊಂಡೆ. ಬದಲಿಗೆ ಮುಖದಲ್ಲಿದ್ದ ಸಂತೋಷ ನಿಧಾನವಾಗಿ ಇಳಿಯಿತು, ಅದು ಹೋದ ಮೇಲೆ ಆಕೆಗೆ ನಾನು ಎಣಿಸಿದ್ದಕ್ಕಿಂತ ತುಂಬ ವಯಸ್ಸಾಗಿದೆ ಎಂದು ಕಂಡಿತು. ಗುಬ್ಬಿಯ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡರು.

"ನನಗೂ ಬರ್ತಿರ್ಲಿಲ್ಲ ಕಣಮ್ಮ," ಎಂದರು. "ಮೊದಲನೇ ಸಲ ಇವರಪ್ಪಂದು ಕುಡಿದಾಗ ಆ ಗೋಡೆ ಹಿಂದೆ ಹೋಗಿ ವಾಂತಿ ಮಾಡ್ಕೊಂಡಿದ್ದೆ."

ನೆರಳಿನ ಕಡೆಯಿಂದ ಹುಡುಗ, ಫೋನಿನಿಂದ ತಲೆಯೆತ್ತದೆ, ಅಮ್ಮಾ ನನ್ನ ಶೂ ಎಲ್ಲಿಟ್ಟೆ ಎಂದು ಕರೆದ. ಶೂ ಅವನ ಕಾಲಿನ ಹತ್ತಿರವೇ ಇದ್ದವು. ಆಕೆ ಬಂದೆ ಎಂದು ಹೋದರು, ಅವನ ಮುಂದೆ ಬಗ್ಗಿದರು, ಎರಡನ್ನೂ ತಿರುಗಿಸಿ ಅವನ ಕಾಲಿಗೆ ನೇರವಾಗಿಟ್ಟರು.